ಹ್ಯಾವ್‌ಲಾಕ್‌ನಲ್ಲಿ 3 ಮೀಟರ್‌ಗೇ ಕಿವಿ ನೋವು: ಪ್ರತಿಕ್ರಿಯೆ

ಅಂಡಮಾನ್‌ನ ಹ್ಯಾವ್‌ಲಾಕ್ ದ್ವೀಪದಲ್ಲಿ ಸ್ಕೂಬಾ ಡೈವ್ ಮಾಡುವಾಗ ಗೆಳೆಯರೆಲ್ಲ ಸಲೀಸಾಗಿ ಇಳಿದರೂ ನಿಮಗೆ 3 ಮೀಟರ್‌ನಲ್ಲೇ ಕಿವಿ ಚುಚ್ಚಿದ್ದೇಕೆ ಎಂದು ಕೇಳಿದ್ದೀರಿ. ಕಾರಣ ಬಹುಶಃ ಇದೇ: ಈಕ್ವಲೈಸ್ ಮಾಡುವುದು, ಅಂದರೆ ಮೂಗು ಹಿಡಿದು ಮೆಲ್ಲಗೆ ಊದಿ ಕಿವಿಯೊಳಗಿನ ಒತ್ತಡವನ್ನು ಹೊರಗಿನ ನೀರಿನ ಒತ್ತಡಕ್ಕೆ ಸರಿದೂಗಿಸುವುದು, ತಡವಾಗಿದೆ. ಆ ಆಳದಲ್ಲಿ ಒತ್ತಡ ಮೇಲಿಗಿಂತ ಸುಮಾರು 30% ಹೆಚ್ಚು. ನೋವು ಬಂದ ಮೇಲೆ ಊದಿದರೆ, ಗಂಟಲಿಂದ ಕಿವಿಗೆ ಹೋಗುವ ನಾಳ ಅದುಮಿಕೊಂಡು ತೆರೆಯುವುದೇ ಇಲ್ಲ.

ಮುಂದಿನ ಸಲ ದೋಣಿಯಲ್ಲೇ ಒಮ್ಮೆ, ನೀರಿನ ಮೇಲ್ಮೈಯಲ್ಲಿ ಮತ್ತೊಮ್ಮೆ ಈಕ್ವಲೈಸ್ ಮಾಡಿ. ಆಮೇಲೆ ಹಗ್ಗ ಹಿಡಿದು, ಕಾಲು ಕೆಳಗಾಗಿ ಇಳಿಯಿರಿ. ಪ್ರತಿ ಅರ್ಧ ಮೀಟರ್‌ಗೆ, ನೋವಿಗೆ ಕಾಯದೆ, ಮಾಸ್ಕ್‌ನ ಮೂಗಿನ ಭಾಗ ಒತ್ತಿ ಹಿಡಿದು ಮೆಲ್ಲಗೆ ಊದುತ್ತಾ ಉಗುಳು ನುಂಗಿ. ಒಳಗೆ ‘ಟಿಕ್’ ಅಂದರೆ ತೆರೆಯಿತು. ಒಂದೇ ಕಿವಿ ಹಟ ಮಾಡಿದರೆ ಆ ಕಿವಿ ಮೇಲಾಗುವಂತೆ ತಲೆ ವಾಲಿಸಿ. ಆಗಲೂ ಆಗಲಿಲ್ಲವೇ, ಇನ್‌ಸ್ಟ್ರಕ್ಟರ್‌ಗೆ ಅಂಗೈ ಅಲುಗಿಸಿ ಕಿವಿ ತೋರಿಸಿ, ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಿ. ಜೋರಾಗಿ ಮಾತ್ರ ಊದಬೇಡಿ. ಒಳಕಿವಿಯ ಪೊರೆ ಹರಿದರೆ ಕೇಳಿಸುವುದೇ ಕುಂದಬಹುದು. ಗೆಳೆಯರು ಕೆಳಗೆ ಕಾಯಲಿ, ಅವಸರ ಬೇಡ.

ಶೀತವಿದ್ದರೆ ಮಾತು ಬೇರೆ: ಇಳಿಯಲೇಬೇಡಿ. ಮೂಗುಕಟ್ಟಿಗೆ ಮಾತ್ರೆ ನುಂಗಿ ಇಳಿಯುವುದೂ ಬೇಡ, ಅದರ ಪ್ರಭಾವ ನೀರಿನಡಿಯಲ್ಲೇ ಮುಗಿದರೆ ಮೇಲೆ ಬರುವಾಗ ಗಾಳಿ ಕಿವಿಯೊಳಗೆ ಸಿಕ್ಕಿಬೀಳುತ್ತದೆ. ಈಗಲೂ ಕಿವಿ ಮಂದವಾಗಿದ್ದರೆ, ತಲೆ ಸುತ್ತುತ್ತಿದ್ದರೆ ಅಥವಾ ರಕ್ತ ಕಂಡಿದ್ದರೆ ಮೊದಲು ಇಎನ್‌ಟಿ ವೈದ್ಯರಿಗೆ ತೋರಿಸಿ, ಡೈವ್ ಆಮೇಲೆ.