ಎಲ್ಕ್‌ಗೆ ಒಂದು ಗುಂಡು, ಅಭ್ಯಾಸಕ್ಕೆ ಇನ್ನೊಂದು

ಅಮೆರಿಕದ ಕೊಲೊರಾಡೊದಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ .30-06 ರೈಫಲ್‌ನಲ್ಲಿ ಯಾವ ಗುಂಡು, ಅಗ್ಗದ ಎಫ್‌ಎಂಜೆಯಲ್ಲೇ (ಪೂರ್ತಿ ಲೋಹದ ಹೊದಿಕೆಯ ಗುಂಡು) ಬೇಟೆ, ಅಭ್ಯಾಸ ಎರಡೂ ಆಗುತ್ತದಾ ಎಂದು ಕೇಳಿದ್ದೀರಿ. ಬೇಟೆಗೆ ಎಫ್‌ಎಂಜೆ ಬೇಡವೇ ಬೇಡ. ಅದು ಅರಳದೆ ತೆಳ್ಳನೆ ತೂತು ಕೊರೆದು ಆಚೆ ಹೋಗುತ್ತದೆ, ಪ್ರಾಣಿ ಗಾಯಗೊಂಡು ಮೈಲಿಗಟ್ಟಲೆ ಓಡಿ ನರಳುತ್ತದೆ. ಅಲ್ಲಿನ ಕಾನೂನೂ ಎಲ್ಕ್‌ಗೆ ಕನಿಷ್ಠ 85 ಗ್ರೇನಿನ (ಗ್ರೇನ್ ಎಂದರೆ ಗುಂಡಿನ ತೂಕದ ಅಳತೆ), ಅರಳುವ ಗುಂಡನ್ನೇ ಕೇಳುತ್ತದೆ.

ನನ್ನ ಆಯ್ಕೆ ನೋಸ್ಲರ್ ಕಂಪನಿಯ 180 ಗ್ರೇನ್ ಪಾರ್ಟಿಶನ್ ಗುಂಡು. ಉದ್ದಕ್ಕೆ ಸೀಳಿ ನೋಡಿದರೆ ನಡುವೆ ತಾಮ್ರದ ಅಡ್ಡಗೋಡೆ ಕಾಣುತ್ತದೆ: ಮುಂದಿನ ಸೀಸ ಅಣಬೆಯಂತೆ ಅರಳುತ್ತದೆ, ಹಿಂದಿನದು ಗಟ್ಟಿಯಾಗಿ ಉಳಿದು ಒಳಕ್ಕೆ ನುಗ್ಗುತ್ತದೆ. ತೆಳು ಹೊದಿಕೆಯ ಗುಂಡು ಭುಜದ ಮೂಳೆಗೆ ಬಡಿದರೆ ಅಲ್ಲೇ ಚೂರಾಗಬಹುದು. ಪೂರ್ತಿ ತಾಮ್ರದ್ದಾದರೆ 165-168 ಗ್ರೇನ್ ಸಾಕು. ತಾಮ್ರ ಸೀಸಕ್ಕಿಂತ ಹಗುರ, ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ, ಅದಕ್ಕೇ ಕಡಿಮೆ ತೂಕದ್ದು.

ಅಭ್ಯಾಸಕ್ಕೆ 150 ಗ್ರೇನ್ ಎಫ್‌ಎಂಜೆ ಧಾರಾಳವಾಗಿ ಬಳಸಿ. ಆದರೆ ಅಯಸ್ಕಾಂತ ಹಿಡಿದು ನೋಡಿ. ಗುಂಡು ಅಂಟಿಕೊಂಡರೆ ಒಳಗೋ ಹೊದಿಕೆಯಲ್ಲೋ ಉಕ್ಕಿದೆ, ಗುರಿ ಅಭ್ಯಾಸದ ಹಲವು ರೇಂಜ್‌ಗಳು ಅದನ್ನು ಬಿಡುವುದಿಲ್ಲ. ಇನ್ನೂ ಅಗ್ಗ ಬೇಕೆಂದರೆ ಸಣ್ಣ ಗುಂಡಿನ .22 ರೈಫಲ್: ಮಂಡಿಯೂರಿ, ಕೂತು, ಕೋಲಿಗೆ ಒರಗಿಸಿ ಹೊಡೆಯಿರಿ. ಬೆಂಚಿನ ಮೇಲಿನ ಗುರಿ ಕಾಡಿನಲ್ಲಿ ಕೈ ಹಿಡಿಯುವುದಿಲ್ಲ.

ಎಫ್‌ಎಂಜೆ ಹೊಡೆದು ಸ್ಕೋಪ್ (ಗುರಿ ನೋಡುವ ದುರ್ಬೀನು) ಹೊಂದಿಸಿ ಹಾಗೇ ಬೇಟೆಗೆ ಹೋಗುವುದೇ ದೊಡ್ಡ ತಪ್ಪು. ತೂಕ, ವೇಗ ಬದಲಾದರೆ ಗುಂಡು ಬೀಳುವ ಜಾಗವೂ ಬದಲು. ಒಂದೇ ಲಾಟ್ ಸಂಖ್ಯೆಯ, ಅಂದರೆ ಒಂದೇ ಕಂತಿನಲ್ಲಿ ತಯಾರಾದ, ಬೇಟೆ ಗುಂಡಿನ ಎರಡು ಪೆಟ್ಟಿಗೆ ಕೊಳ್ಳಿ. 100 ಗಜದಲ್ಲಿ 2 ಇಂಚು ಮೇಲಕ್ಕೆ ಹೊಂದಿಸಿದರೆ 200ರಲ್ಲಿ ಹೆಚ್ಚುಕಡಿಮೆ ನಡುವಿಗೇ ಬೀಳುತ್ತದೆ. ಮೂರು ಹೊಡೆದ ಮೇಲೆ ನಳಿಗೆ ತಣಿಯಲು ಬಿಡಿ. ತಣ್ಣನೆ ನಳಿಗೆಯ ಮೊದಲ ಗುಂಡು ಎಲ್ಲಿ ಬಿತ್ತೆಂದು ಪ್ರತಿ ಸಲವೂ ಬರೆದಿಡಿ, ಕಾಡಿನಲ್ಲಿ ಸಿಗುವುದು ಅದೊಂದೇ.