ಇಂಗ್ಲೆಂಡಿನಲ್ಲಿ ಮನೆ ಪಕ್ಕದ ಬಯಲನ್ನು ‘ವಿಲೇಜ್ ಗ್ರೀನ್’ ಎಂದು ಉಳಿಸಿಕೊಳ್ಳಬಹುದಾ?

ಉಳಿಸಿಕೊಳ್ಳಬಹುದು, ಜಾಗ ಖಾಸಗಿಯವರದ್ದಾದರೂ. ವಿಲೇಜ್ ಗ್ರೀನ್ ಅಂದರೆ ಊರವರ ಆಟ, ಓಡಾಟಕ್ಕೆಂದು ಕಾನೂನು ಕಾಪಾಡುವ ಬಯಲು. ಸುತ್ತಲಿನ ಸಾಕಷ್ಟು ಜನ 20 ವರ್ಷ ಬಿಡದೆ ಅಲ್ಲಿ ಆಡಿರಬೇಕು, ಓಡಾಡಿರಬೇಕು. ಆಗ 2006ರ ಕಾಮನ್ಸ್ ಆಕ್ಟ್‌ನ 15ನೇ ಸೆಕ್ಷನ್ ಪ್ರಕಾರ ಸ್ಥಳೀಯ ಕೌನ್ಸಿಲ್‌ಗೆ ಅರ್ಜಿ ಹಾಕಬಹುದು. ಕ್ರಿಕೆಟ್ಟೇ ಆಡಿರಬೇಕು ಅಂತೇನಿಲ್ಲ. ನಾಯಿ ಸುತ್ತಾಡಿಸಿದ್ದು, ಮಕ್ಕಳ ಜೊತೆ ಆಡಿದ್ದೂ ಸಾಕು ಎಂದು 1999ರ ಸನ್ನಿಂಗ್‌ವೆಲ್ ಕೇಸಿನಲ್ಲಿ, ಆಗ ಅಲ್ಲಿನ ಅತ್ಯುನ್ನತ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಹೇಳಿತು.

ತಮಾಷೆ ಏನು ಗೊತ್ತಾ? ಅನುಮತಿ ಕೇಳಿದರೆ ಕೆಲಸ ಕೆಟ್ಟಿತು! ಬಲವಂತವಿಲ್ಲದೆ, ಕದ್ದುಮುಚ್ಚದೆ, ಅನುಮತಿಯೂ ಇಲ್ಲದೆ ಬಳಸಿರಬೇಕು. ಬೇಲಿ ಮುರಿದು ನುಗ್ಗಿದ್ದರೆ ಆಗುವುದಿಲ್ಲ. ‘ಬನ್ನಿ, ಆಡಿಕೊಳ್ಳಿ’ ಎಂದು ಮಾಲೀಕರು ಬೋರ್ಡ್ ಹಾಕಿದ್ದರೂ ಆಗುವುದಿಲ್ಲ. ಆಟಕ್ಕೆಂದೇ ಕೌನ್ಸಿಲ್ ಕೊಟ್ಟ ಮೈದಾನವೂ ಲೆಕ್ಕಕ್ಕಿಲ್ಲ, ಅದು 2014ರ ಬಾರ್ಕಾಸ್ ತೀರ್ಪು.

ಸುಮ್ನೆ ಕಾಯಬೇಡಿ. ಬಳಕೆ ನಿಂತರೆ ಒಂದೇ ವರ್ಷದೊಳಗೆ ಅರ್ಜಿ ಹೋಗಬೇಕು. 2013ರ ತಿದ್ದುಪಡಿಯಾದ ಮೇಲಂತೂ, ಅಲ್ಲಿ ಮನೆ ಕಟ್ಟಲು ಯಾರಾದರೂ ಪ್ಲಾನಿಂಗ್ ಅರ್ಜಿ ಹಾಕಿ ಅದು ಪ್ರಕಟವಾದರೆ ನಿಮ್ಮ ದಾರಿ ಮುಚ್ಚಿದಂತೆ. ಅದಕ್ಕೇ ಅಕ್ಕಪಕ್ಕದ ಹಿರಿಯರ ಹೇಳಿಕೆ, ಹಳೇ ಆಲ್ಬಮ್ಮಿನ ಫೋಟೋಗಳನ್ನು ಈಗಲೇ ಒಟ್ಟುಮಾಡಿ. ಹಿಮದಲ್ಲಿ ಮಕ್ಕಳು ಜಾರುತ್ತಿರುವ, ಹಿಂದೆ ತಾರೀಖು ಬರೆದ ಫೋಟೋ ಒಂದು ಸಿಕ್ಕರೂ ಜಾಸ್ತಿ ಬೆಲೆ.