ಮಸಿಕಡ್ಡಿಯನ್ನು ನೀರು ಹಾಕಿ ಮಸಿಕಲ್ಲಿನಲ್ಲಿ ಎಷ್ಟು ತೇಯ್ದರೂ ಮಸಿ ಬೂದಿ ಬಣ್ಣಕ್ಕೇ ನಿಲ್ಲುತ್ತದೆ. ಚೀನೀ ಲಿಪಿಕಲೆಗೆ ಹೆಸರಾಂತ, ದುಬಾರಿ ದುವಾನ್ ಮಸಿಕಲ್ಲನ್ನೇ ಕೊಳ್ಳಬೇಕೆ?

ಕೊಳ್ಳಬೇಡಿ. ಅರ್ಧ ಗಂಟೆ ತೇಯ್ದರೂ ಸ್ಲೇಟು ತೊಳೆದ ನೀರಿನಂಥ ಮಸಿ ಬರುತ್ತಿದ್ದ ಕಲ್ಲು ನನ್ನ ಹತ್ತಿರವೂ ಇತ್ತು. ದುವಾನ್ ಕಲ್ಲಿಗೆಂದು ನಾನೂ ದುಡ್ಡು ಕೂಡಿಡುತ್ತಿದ್ದೆ. ತಪ್ಪು ಕಲ್ಲಿನದಾಗಿರಲಿಲ್ಲ.

‘ಅವಸರವಿದ್ದಾಗ ಬಾಟಲಿ ಮಸಿಯನ್ನು ಇದೇ ಕಲ್ಲಿಗೆ ಹಾಕಿಕೊಳ್ಳುತ್ತೇನೆ’ ಎಂದು ಬರೆದಿದ್ದೀರಿ. ಅಲ್ಲೇ ಇದೆ ಎಡವಟ್ಟು. ಮೂರು ತಿಂಗಳು ನಾನೂ ಅದನ್ನೇ ಮಾಡಿದೆ, ಎಷ್ಟೋ ರಾತ್ರಿ ತೊಳೆಯದೆ ಮಲಗಿದೆ.

ಮಸಿಕಲ್ಲು ಮುಟ್ಟಿದರೆ ಮಗುವಿನ ಕೆನ್ನೆಯಷ್ಟು ನುಣುಪು, ಆದರೆ ಕೆಲಸ ಮಾಡುವುದು ಕಣ್ಣಿಗೆ ಕಾಣದ ಮೊನೆಗಳು. ಅಭ್ರಕದ ಜಾತಿಯ ಮೆತ್ತನೆಯ ಖನಿಜದ ನಡುವೆ ಗಟ್ಟಿ ಕಣಗಳು ಒತ್ತೊತ್ತಾಗಿ ಕೂತಿರುತ್ತವೆ. ಈ ಮೊನೆಗಳನ್ನು ಚೀನೀಯರು ಫಂಗ್‌ಮಾಂಗ್ ಎನ್ನುತ್ತಾರೆ. ಹೊಗೆಮಸಿಯನ್ನು ಪ್ರಾಣಿಜನ್ಯ ಅಂಟಿನಲ್ಲಿ ಕಲಸಿ ಒಣಗಿಸಿದ ಮಸಿಕಡ್ಡಿಯನ್ನು ಈ ಮೊನೆಗಳು ನವಿರಾಗಿ ಕೆರೆದು ನೀರಿಗಿಳಿಸುತ್ತವೆ. ಬಾಟಲಿ ಮಸಿ ಒಣಗಿದರೆ ಮೊನೆಗಳ ನಡುವಿನ ಸಂದುಗಳೆಲ್ಲ ತುಂಬಿಕೊಳ್ಳುತ್ತವೆ. ಕಡ್ಡಿಯ ಅಂಟಾದರೆ ನೀರಿನಲ್ಲಿ ನೆನೆಸಿದಾಗ ಬಿಟ್ಟುಕೊಡುತ್ತದೆ. ಅಗ್ಗದ ಬಾಟಲಿ ಮಸಿಗಳಲ್ಲಿ ಎಷ್ಟೋ ಸಲ ಇರುವ ಸಿಂಥೆಟಿಕ್ ರಾಳ ಮಾತ್ರ ಒಮ್ಮೆ ಒಣಗಿತೆಂದರೆ ನೀರಿನಲ್ಲಿ ಸುಲಭಕ್ಕೆ ಕರಗುವುದಿಲ್ಲ. ಸವೆದ ಒರಳಿನಲ್ಲಿ ಹಿಟ್ಟು ನುರಿಯದೆ ಜಾರುತ್ತದಲ್ಲ, ಉಳಿ ಹೊಡೆಸುವವರೆಗೆ ಎಷ್ಟು ತಿರುವಿದರೂ ವ್ಯರ್ಥ. ಇದೂ ಹಾಗೆಯೇ. ನಾನು ಇದು ತಿಳಿಯದೆ ಇನ್ನಷ್ಟು ಬಲ ಹಾಕಿ ಒತ್ತಿದೆ. ಕಡ್ಡಿಯ ಅಂಚು ಮುರಿದು ಚೂರುಗಳು ಮಸಿಯಲ್ಲಿ ತೇಲಿದವು, ಅಷ್ಟೇ.

ಒಣಗಿದ ಕಲ್ಲಿನ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಕೆಸುವಿನೆಲೆಯ ಮೇಲಿನಂತೆ ಗುಂಡಗೆ ನಿಂತರೆ ಮೇಲೆ ಪದರ ಕಟ್ಟಿದೆ ಎಂದರ್ಥ. ಮಿಂಚಲೆಂದು ಮೇಣವೋ ಎಣ್ಣೆಯೋ ಹಚ್ಚಿ ಮಾರುವ ಹೊಸ ಕಲ್ಲಿನಲ್ಲೂ ಹೀಗಾಗುತ್ತದೆ. 1000ದಿಂದ 1500 ನಂಬರಿನ ವಾಟರ್ ಪೇಪರನ್ನು (ನುಣ್ಣನೆಯ ಉಜ್ಜುಕಾಗದ) ಒದ್ದೆ ಮಾಡಿ, ತೇಯುವ ಸಮತಟ್ಟಿನ ಮೇಲೆ ಸಣ್ಣ ಸುತ್ತುಗಳಲ್ಲಿ ಎರಡು ಮೂರು ನಿಮಿಷ ಹಗುರವಾಗಿ ಉಜ್ಜಿ, ಬರುವ ರಾಡಿಯನ್ನು ಪೂರ್ತಿ ತೊಳೆಯಿರಿ. ಹನಿ ಹರಡುವವರೆಗೆ ಹೀಗೆ ಮಾಡಿ. 200ರ ಆಸುಪಾಸಿನ ಒರಟು ಪೇಪರ್ ಬೇಡವೇ ಬೇಡ. ಗೀರು ಬಿದ್ದರೆ ಮಸಿ ತರಿತರಿಯಾಗಿ ಕುಂಚದ ತುದಿ ಕೂಡುವುದಿಲ್ಲ.

ಇನ್ನು ತೇಯುವ ಕ್ರಮ. ಗಂಧ ತೇಯ್ದು ರೂಢಿಯಿರುವ ಕೈ ಒತ್ತುತ್ತದೆ, ಇಲ್ಲಿ ಒತ್ತಬಾರದು. ಸಮತಟ್ಟಿನ ಮೇಲೆ ಅರ್ಧ ಟೀ ಚಮಚ ತಣ್ಣೀರು ಹಾಕಿ, ಕಡ್ಡಿಯನ್ನು ನೆಟ್ಟಗೆ ಹಿಡಿದು, ಹೆಚ್ಚುಕಡಿಮೆ ಅದರದೇ ಭಾರದಲ್ಲಿ ನಿಧಾನ ಸುತ್ತಿಸಿ. ದಪ್ಪಗಾದುದನ್ನು ಪಕ್ಕದ ಗುಳಿಗೆ ತಳ್ಳಿ ಮತ್ತೆ ಅಷ್ಟೇ ನೀರು. ಮೊದಲೇ ಗುಳಿ ತುಂಬ ನೀರು ಹಾಕಿದರೆ ಯಾವ ಕಲ್ಲಿನಲ್ಲೂ ಬೂದಿಯೇ. ಕಡ್ಡಿ ಸರಿದ ಜಾಡು ಒಂದು ಕ್ಷಣ ಹಾಗೇ ನಿಂತು ಆಮೇಲೆ ಕೂಡಿಕೊಂಡರೆ ಹದ ಬಂತು. ಒಳ್ಳೆಯ ಕಡ್ಡಿಯಾದರೆ ಆ ಹೊತ್ತಿಗೆ ಪಚ್ಚಕರ್ಪೂರದ ವಾಸನೆಯೂ ಏಳುತ್ತದೆ.

ದುವಾನ್ ಕಲ್ಲು ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ ಝಾವೋಚಿಂಗ್‌ನದು, ತಾಂಗ್ ರಾಜವಂಶದ ಕಾಲದಿಂದ (ಏಳರಿಂದ ಹತ್ತನೆಯ ಶತಮಾನ) ಹೆಸರಾದದ್ದು. ನಾನು ಅದಕ್ಕೆ ಮನಸೋತವನೇ. ಆದರೆ ಅದರ ಬೆಲೆಯಲ್ಲಿ ದೊಡ್ಡ ಪಾಲು ಕೆತ್ತನೆಗೆ, ‘ಕಣ್ಣು’ ಎಂದು ಕರೆಯುವ ಹಸಿರು ಹಳದಿ ಬೊಟ್ಟುಗಳಿಗೆ ಹೋಗುತ್ತದೆ. ಕಣ್ಣು ಮಸಿ ತೇಯುವುದಿಲ್ಲ. ಕೊಳ್ಳುವ ಮನಸ್ಸಿದ್ದರೆ ಒಳ್ಳೆಯ ಕಡ್ಡಿ ಕೊಳ್ಳಿ. ಅಗ್ಗದ ಕಡ್ಡಿಯಲ್ಲಿ ಮರಳಿದ್ದರೆ ಕಲ್ಲಿಗೇ ಗೀರು ಬೀಳುತ್ತದೆ.

ಬರೆದಾದ ಮೇಲೆ ಕಡ್ಡಿಯ ತುದಿ ಒರೆಸಿಡಿ. ಕಲ್ಲಿನ ಮೇಲೇ ನಿಲ್ಲಿಸಿ ಬಿಟ್ಟರೆ ಅಂಟಿಕೊಂಡು, ಕೀಳುವಾಗ ಕಲ್ಲಿನ ಚಕ್ಕೆಯೇ ಕಿತ್ತು ಬರಬಹುದು. ಕಲ್ಲನ್ನು ಅಂದೇ ತಣ್ಣೀರಿನಲ್ಲಿ ಮೆತ್ತಗೆ ನೆನೆದ ಹೀರೆನಾರಿನಿಂದ ತೊಳೆಯಿರಿ. ಕುದಿನೀರು ಬೇಡ. ಬಾಟಲಿ ಮಸಿ ಬೇಕಾದ ದಿನ ಪಿಂಗಾಣಿ ಬಟ್ಟಲಿಗೆ ಸುರಿದುಕೊಳ್ಳಿ.